ಸ್ವಲ್ಪ ಸುಸ್ತು

ನನ್ನನ್ನು ಊರಿನಲ್ಲಿ ಸೂಲಗಿತ್ತಿ ಭಾವ ಎನ್ನುತ್ತಾರೆ. ಎದುರಿಗೆ ಹೇಳುವವರು ಕಡಿಮೆ. ಆದರೆ ರಿಪ್ಪನ್‌ಪೇಟೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ನಾನು ಕೈ ತೊಳೆಯಲು ಎದ್ದಾಗ ಬೆನ್ನ ಹಿಂದೆ ಆ ಹೆಸರು ಮೇಜಿನಿಂದ ಮೇಜಿಗೆ ಹೋಗುವುದು ಕೇಳಿಸುತ್ತದೆ. ನನಗೆ ಸಿಟ್ಟು ಬೇಗ ಬರುತ್ತದೆ, ಬಂದಷ್ಟು ಬೇಗ ಹೋಗುವುದಿಲ್ಲ. ಹಾಗಾಗಿ ಆ ಹೋಟೆಲಿನ ಬನ್ಸ್ ಎಷ್ಟೇ ಚೆನ್ನಾಗಿದ್ದರೂ ಒಂದು ಮಳೆಗಾಲ ಪೂರ್ತಿ ಆ ಕಡೆ ತಲೆ ಹಾಕಲಿಲ್ಲ. ನಷ್ಟವಾದದ್ದು ನನಗೇ.

ಹೆಸರು ಹುಟ್ಟಿದ್ದು ಒಂದು ಮದುವೆಮನೆಯ ಊಟದ ಪಂಕ್ತಿಯಲ್ಲಿ. ಪಕ್ಕದ ಎಲೆಗೆ ಕೂತಿದ್ದ ದೂರದ ಸಂಬಂಧಿ, ಹಿರಿಯರು, "ಈಗ ಎಂತ ಕೆಲ್ಸ ಮಾರಾಯ ನಿಂದು?" ಎಂದು ಕೇಳಿದರು. ಮೆಡಿಕಲ್ ಕೋಡಿಂಗ್ ಎಂದೆ. ಅದು ತಿನ್ನುವುದೋ ಉಡುವುದೋ ಎಂಬಂತೆ ನೋಡಿದರು. ಆಗ ಬಿಡಿಸಿ ಹೇಳಿದೆ. ಹೊರದೇಶದ ಆಸ್ಪತ್ರೆಗಳಲ್ಲಿ ಹೆರಿಗೆ ಆಗುತ್ತದೆ, ಆ ಹೆರಿಗೆಯಲ್ಲಿ ಏನೇನು ತೊಂದರೆ ಆಯಿತೆಂದು ಅಲ್ಲಿಯ ಡಾಕ್ಟರು ಬರೆದಿರುತ್ತಾರೆ, ಅದನ್ನು ನಾನು ಸಾಗರದಲ್ಲಿ ಕೂತು ಓದಿ ಒಂದೊಂದು ತೊಂದರೆಗೂ ಒಂದೊಂದು ಸಂಖ್ಯೆ ಹಾಕಿ ಕಳಿಸುತ್ತೇನೆ, ಆ ಸಂಖ್ಯೆ ನೋಡಿ ವಿಮೆಯವರು ಆಸ್ಪತ್ರೆಗೆ ದುಡ್ಡು ಕೊಡುತ್ತಾರೆ. ಅವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುವುದನ್ನೂ ಮರೆತು ಕೇಳಿದರು: "ಅಂದ್ರೆ ಅವ್ರು ಅಲ್ಲಿ ಹೆರದು, ನೀ ಇಲ್ಲಿ ಬರೆಯದು. ಅವ್ರಿಗೆ ಬರೆಯಕ್ಕೆ ಬರದಿಲ್ವಾ?"

ಮಜ್ಜಿಗೆ ಬರುವ ಹೊತ್ತಿಗೆ ಇಡೀ ಪಂಕ್ತಿಗೆ ನಾನು ಸೂಲಗಿತ್ತಿಯಾಗಿದ್ದೆ.

ಅಲ್ಲಿಂದ ಫೋನುಗಳು ಶುರುವಾದವು. ಮಗಳಿಗೆ ಕಾಲು ಬಾತಿದೆ, ಸೊಸೆಗೆ ಊಟ ಸೇರುತ್ತಿಲ್ಲ, ಕೂಸು ಒದೆಯುವುದು ಕಡಿಮೆ ಆಗಿದೆ. ಎಲ್ಲರಿಗೂ ನನ್ನದು ಒಂದೇ ಮಾತು, ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. "ಅದನ್ನ ಹೇಳಕ್ಕೆ ನೀನೇ ಆಗ್ಬೇಕಿತ್ತಾ?" ಎಂದು ಒಬ್ಬರು ಬೇಜಾರು ಮಾಡಿಕೊಂಡು ಇಟ್ಟರು. ಇನ್ನು ಬಸ್ಸಿನಲ್ಲಿ ಪರೀಕ್ಷೆ ಮಾಡುವವರು ಬೇರೆ. ನಮ್ಮ ಸಂಖ್ಯೆಗಳ ಪಟ್ಟಿಯಲ್ಲಿ ಬಾತುಕೋಳಿ ಬಡಿದು ಗಾಯವಾದರೆ ಅದಕ್ಕೂ ಒಂದು ಸಂಖ್ಯೆ ಇದೆ ಎಂದು ನಾನು ಬಾಯಿ ತಪ್ಪಿ ಹೇಳಿದ್ದೇ ತಡ, ಉಂಬಳ ಕಚ್ಚಿ ರಕ್ತ ಹೀರಿದರೆ, ಅಡಿಕೆ ಸೋಗೆ ತಲೆ ಮೇಲೆ ಬಿದ್ದರೆ, ಕಟ್ಟಿರುವೆ ಕಡಿದರೆ ಎಂದು ಹೊಸನಗರ ಬರುವವರೆಗೂ ಕೇಳಿದರು. ಕೊನೆಗೆ ಕಂಡಕ್ಟರ್ "ಈ ಬಸ್ಸಲ್ಲಿ ದಿನಾ ಓಡಾಡಿದ್ರೆ ಎಷ್ಟನೇ ನಂಬರು?" ಎಂದ. ಎಲ್ಲರೂ ನಕ್ಕರು. ನಾನು ಕಿಟಕಿ ನೋಡಿದೆ.

ನಮ್ಮ ಆಫೀಸು ಸಾಗರದಲ್ಲಿ ಒಂದು ಹಾರ್ಡ್‌ವೇರ್ ಅಂಗಡಿಯ ಮೇಲಿನ ಮಹಡಿ. ಕೆಳಗೆ ಕಬ್ಬಿಣದ ಸರಳು ಕತ್ತರಿಸುವ ಸದ್ದು, ಮೇಲೆ ನಾವು. ನಾವು ಎಂದರೆ ಒಂದಷ್ಟು ಹುಡುಗಿಯರು ಮತ್ತು ನಾನು. ಅದಕ್ಕೂ ಮೊದಲು ಹೊಸನಗರದಲ್ಲಿ ಪಂಪ್‌ಸೆಟ್ ಅಂಗಡಿಯಲ್ಲಿದ್ದೆ. ಬಿಎಸ್ಸಿ ಓದಿದ್ದು ಉಪಯೋಗಕ್ಕೆ ಬಂದದ್ದು ಇಲ್ಲೇ. ಬಸುರಿ, ಹೆರಿಗೆ, ಬಾಣಂತನ ಇವುಗಳ ಸಂಖ್ಯೆಗಳೆಲ್ಲ ಇಂಗ್ಲಿಷಿನ 'ಓ' ಅಕ್ಷರದಿಂದ ಶುರುವಾಗುತ್ತವೆ. ಮಗು ಅಡ್ಡ ತಿರುಗಿದ್ದರೆ ಒಂದು, ಹೊಕ್ಕುಳಬಳ್ಳಿ ಕುತ್ತಿಗೆಗೆ ಸುತ್ತಿಕೊಂಡಿದ್ದರೆ ಒಂದು, ಮಾಸು ಬೀಳದಿದ್ದರೆ ಒಂದು. ಹೆರಿಗೆಯಾದ ಮೇಲೆ ರಕ್ತ ಹೆಚ್ಚು ಹೋದರೆ ಓ ಎಪ್ಪತ್ತೆರಡು. ದಿನ ತುಂಬಿ, ಏನೇನೂ ತೊಂದರೆಯಿಲ್ಲದೆ ಸಲೀಸಾಗಿ ಆದ ಹೆರಿಗೆಗೂ ಒಂದು ಸಂಖ್ಯೆ ಇದೆ, ಓ ಎಂಬತ್ತು. ಸಣ್ಣದೊಂದು ತೊಂದರೆ ಬರೆದಿದ್ದರೂ ಅದನ್ನು ಕೊಡುವಂತಿಲ್ಲ.

ಆ ಓ ಎಂಬತ್ತನ್ನು ನಾನು ಬರೆದದ್ದು ಅಪರೂಪ. ಸಲೀಸು ಹೆರಿಗೆಯ ಕಡತಗಳನ್ನು ಅಲ್ಲಿ ಕಂಪ್ಯೂಟರೇ ಮುಗಿಸಿಬಿಡುತ್ತದಂತೆ, ತೊಂದರೆಯವು ಮಾತ್ರ ನಮ್ಮ ಪಾಲಿಗೆ. ದಿನವೂ ಅದನ್ನೇ ಓದಿ ಓದಿ, ಭೂಮಿಯ ಮೇಲೆ ಮಕ್ಕಳು ಹುಟ್ಟುವುದೇ ಹೀಗೆ ಎಂದು ನನಗೆ ಅನ್ನಿಸತೊಡಗಿತ್ತು. ರಸ್ತೆಯಲ್ಲಿ ಓಡಾಡುವ ಜನರನ್ನು ಕಂಡರೆ, ಇವರೆಲ್ಲ ಹೇಗೆ ಹುಟ್ಟಿ ಬಂದರಪ್ಪ ಎಂದು ಆಶ್ಚರ್ಯವಾಗುತ್ತಿತ್ತು.

ನಮ್ಮ ಕೆಲಸ ತಿದ್ದುವ ಮೇಡಮ್ಮು ಒಬ್ಬರಿದ್ದಾರೆ. ಅವರು ಮೊದಲ ದಿನವೇ ಒಂದು ಮಾತು ಕಲಿಸಿದರು: "ಬರೆದಿಲ್ಲ ಅಂದ್ರೆ ಆಗಿಲ್ಲ." ಹೆರಿಗೆಯಾದವಳಿಗೆ ಮೂರು ಚೀಲ ರಕ್ತ ಕೊಟ್ಟ ಲೆಕ್ಕ ಕಡತದಲ್ಲಿರಲಿ, ಡಾಕ್ಟರು ರಕ್ತಸ್ರಾವ ಎಂಬ ಶಬ್ದ ಬರೆದಿಲ್ಲ ಎಂದರೆ ರಕ್ತ ಹೋಗಿಯೇ ಇಲ್ಲ. ನಾವಾಗಿ ಊಹೆ ಮಾಡುವಂತಿಲ್ಲ; ಡಾಕ್ಟರಿಗೆ ಪ್ರಶ್ನೆ ಕಳಿಸಿ ಕಾಯಬೇಕು. ಬರೆದಿದ್ದರೆ ಮಾತ್ರ, ಎತ್ತು ಈಯಿತು ಎಂದು ಬರೆದಿದ್ದರೂ, ಕೊಟ್ಟಿಗೆಗೆ ಕಟ್ಟಲೇಬೇಕು. ಮೊದಮೊದಲು ಇದು ನನಗೆ ಹುಚ್ಚಾಟ ಎನಿಸಿತು. ಆಮೇಲೆ ರಕ್ತಕ್ಕೇ ಇಳಿಯಿತು.

ನನ್ನ ಹೆಂಡತಿ ಎರಡನೆಯ ಬಾರಿ ಬಸುರಿಯಾದದ್ದು ಇಂಥ ಹೊತ್ತಿನಲ್ಲಿ. ಮೊದಲನೆಯ ಮಗಳು ಹುಟ್ಟಿದಾಗ ನಾನಿನ್ನೂ ಪಂಪ್‌ಸೆಟ್ ಅಂಗಡಿಯಲ್ಲಿದ್ದೆ, ಲೋಕಜ್ಞಾನವಿಲ್ಲದೆ ಸುಖವಾಗಿದ್ದೆ. ಈ ಸಲ ಹಾಗಲ್ಲ. ಅವಳು ಸೊಂಟ ಹಿಡಿದುಕೊಂಡು ಎದ್ದರೆ ನನ್ನ ತಲೆಯಲ್ಲಿ ಒಂದು ಸಂಖ್ಯೆ. ಒಂದು ಲೋಟ ನೀರು ಹೆಚ್ಚು ಕುಡಿದರೆ ಸಕ್ಕರೆ ಕಾಯಿಲೆಯ ಸಂಖ್ಯೆ. ಸಂಜೆ ಪಾದ ಒತ್ತಿ ನೋಡುತ್ತಿದ್ದೆ, ಗುಳಿ ಬೀಳುತ್ತದೆಯೋ ಎಂದು. ಒಂದು ದಿನ ತಲೆನೋವು ಎಂದಳು. ನಾನು ಬಿಪಿ ನೋಡುವ ಯಂತ್ರವನ್ನೇ ಕೊಂಡು ತಂದೆ. ನೋಡಿದರೆ ಅವಳದು ಸರಿಯಾಗಿತ್ತು, ನನ್ನದು ಏರಿತ್ತು.

"ನಿಂಗೊ ಆಫೀಸನ್ನ ಚಪ್ಪಲಿ ಸಂತಿಗೆ ಹೊರಗೇ ಬಿಟ್ಟಿಕ್ಕಿ ಬನ್ನಿ" ಎಂದಳು ಹೆಂಡತಿ. "ಹೆರದು ನಾನು. ನಿಂಗೊಕ್ಕೆ ಎಂತಕ್ಕೆ ಬೇನೆ?"

ಮೊದಲ ಹೆರಿಗೆ ಹೇಗಾಗಿತ್ತು ಎಂದು ಸಾಗರದ ಡಾಕ್ಟರು ಕೇಳಿದಾಗ ಅವಳು ನಾರ್ಮಲ್ ಎಂದಳು. ಅವರು ಅದನ್ನೇ ಬರೆದುಕೊಂಡರು. ಸುಳ್ಳೇನಲ್ಲ. ನಮ್ಮ ಕಡೆ ಹೆರಿಗೆಯಲ್ಲಿ ಎರಡೇ ಜಾತಿ, ನಾರ್ಮಲ್ ಮತ್ತು ಆಪರೇಷನ್. ಹೊಟ್ಟೆ ಕೊಯ್ಯದಿದ್ದರೆ ನಾರ್ಮಲ್. ಮಧ್ಯೆ ಭೂಮಿ ಬಾಯಿಬಿಟ್ಟಿದ್ದರೂ ನಾರ್ಮಲ್.

ಅವಳ ತಿಂಗಳು ತುಂಬುತ್ತ ಬಂದಾಗ ನನ್ನ ಅತ್ತೆ ಅರಳಸುರಳಿಯಿಂದ ಬಂದರು. ಮಗಳನ್ನು ಕರೆದುಕೊಂಡು ಹೋಗಿ ತೀರ್ಥಹಳ್ಳಿಯಲ್ಲೇ ಹೆರಿಗೆ ಮಾಡಿಸುವುದು, ಬಾಣಂತನ ತಮ್ಮ ಮನೆಯಲ್ಲೇ ಎಂದು ಅವರೇ ತೀರ್ಮಾನಿಸಿದ್ದರು. ಹೊರಡುವ ಮೊದಲು ಒಂದು ವಾರ ನಮ್ಮ ಸಾಗರದ ಬಾಡಿಗೆ ಮನೆಯಲ್ಲಿದ್ದರು. ಆ ವಾರದಲ್ಲಿ ನನಗೂ ಅವರಿಗೂ ಒಂದು ಯುದ್ಧವೇ ನಡೆಯಿತು. ದನಿ ಏರಿಸದೆ, ಊಟ ಬಡಿಸುತ್ತ, ಇನ್ನೊಂದು ದೋಸೆ ಹಾಕಲಾ ಎಂದು ಕೇಳುತ್ತ ನಡೆದ ಯುದ್ಧ.

ಅತ್ತೆಯ ಭಾಷೆಯನ್ನು ಸ್ವಲ್ಪ ಹೇಳಬೇಕು. ಅವರ ಬಾಯಲ್ಲಿ ಕೆಟ್ಟದ್ದು ಬರುವುದಿಲ್ಲ. ಮನೆಯಲ್ಲಿ ಅಕ್ಕಿ ಖಾಲಿಯಾದರೆ ಅಕ್ಕಿ ಹೆಚ್ಚಾಗಿದೆ ಎನ್ನುತ್ತಾರೆ. ಬಳೆ ಒಡೆದರೂ ಹೆಚ್ಚಾಗುತ್ತದೆ. ಇದೆಲ್ಲ ಎಷ್ಟೋ ಮನೆಗಳಲ್ಲಿ ಇದೆ, ನನ್ನ ಅಮ್ಮನಿಗೂ ಇದೆ. ಆದರೆ ಅತ್ತೆ ಈ ವಿದ್ಯೆಯನ್ನು ಇನ್ನೂ ಎತ್ತರಕ್ಕೆ ಒಯ್ದಿದ್ದರು. ಒಮ್ಮೆ ಮಾವನಿಗೆ ತೋಟದಲ್ಲಿ ಹಾವು ಕಚ್ಚಿತ್ತು. ಅತ್ತೆ ಫೋನಿನಲ್ಲಿ ಹೇಳಿದ್ದು ಇಷ್ಟು: "ಎಂತೂ ಇಲ್ಲೆ, ಹುಳ ಮುಟ್ಟಿದ್ದು. ಒಂಚೂರು ಮಣಿಪಾಲಕ್ಕೆ ಹೋಗಿ ಬತ್ತ." ಇನ್ನೊಮ್ಮೆ ಅಟ್ಟದ ಏಣಿಯಿಂದ ತಾವೇ ಬಿದ್ದು ಮಣಿಕಟ್ಟು ಮುರಿದುಕೊಂಡಾಗ, "ಎಂತೂ ಇಲ್ಲೆ, ಕೈ ಸ್ವಲ್ಪ ತಾಗಿದ್ದು" ಎನ್ನುತ್ತ ಇನ್ನೊಂದು ಕೈಯಲ್ಲಿ ಮಜ್ಜಿಗೆ ಕಡೆದು ಮುಗಿಸಿದ್ದರು.

ಮದುವೆಯಾಗಿ ಇಷ್ಟು ವರ್ಷಗಳಲ್ಲಿ ನಾನು ಅತ್ತೆಗೂ ಒಂದು ಕೋಡ್ ಪಟ್ಟಿ ಮಾಡಿಕೊಂಡಿದ್ದೆ. ಬರೀ 'ಎಂತೂ ಇಲ್ಲೆ' ಎಂದರೆ ಏನೋ ಇದೆ, ಡಾಕ್ಟರಿಗೆ ತೋರಿಸಬೇಕು. 'ಸ್ವಲ್ಪ ಸುಸ್ತು' ಎಂದರೆ ಆಸ್ಪತ್ರೆಗೆ ಸೇರಿಸಬೇಕು. 'ಒಂಚೂರು ಹೋಗಿ ಬತ್ತ' ಎಂದರೆ ಆಂಬುಲೆನ್ಸ್ ಬಾಗಿಲಿಗೆ ಬಂದು ನಿಂತಿದೆ. ನನ್ನ ಅಮ್ಮನೂ ಅತ್ತೆಯೂ ಫೋನಿನಲ್ಲಿ ಮಾತಾಡುವುದನ್ನು ಕೇಳಬೇಕು. ಇವರು "ಹೆಂಗಿದ್ದು?" ಎನ್ನುತ್ತಾರೆ, ಅವರು "ಹೀಂಗೇಯ, ಇದ್ದು" ಎನ್ನುತ್ತಾರೆ. ಅಷ್ಟರಲ್ಲೇ ಎರಡೂ ಮನೆಯ ವರ್ತಮಾನ ಆ ಕಡೆ ಈ ಕಡೆ ಆಗಿರುತ್ತದೆ.

ಇಂಥವರ ಎದುರಿಗೆ ನಾನು ದೋಸೆ ತಿನ್ನುತ್ತ, ಹೆರಿಗೆಯಲ್ಲಿ ಏನಾದರೂ ತೊಂದರೆ ಬಂದರೆ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಲು ಎಷ್ಟು ಹೊತ್ತು ಬೇಕು ಎಂದು ಕೇಳಿಬಿಟ್ಟೆ. ಅತ್ತೆ ಕಾವಲಿಯ ಮೇಲಿನ ದೋಸೆಯನ್ನು ಮರೆತರು. ಅದು ಸೀದು ಹೋಯಿತು.

"ಹಂಗೆಲ್ಲ ಬಸುರಿ ಎದುರಿಗೆ ಹೇಳಲಾಗ" ಎಂದರು.

"ಹೇಳಿದ್ರೆ ಎಂತ ಆಗ್ತು ಅತ್ತೆ?"

"ಹೇಳಿದ್ರೆ ಆಗ್ತು" ಎಂದರು. ಅಷ್ಟೇ. ಏನು ಆಗುತ್ತದೆ ಎಂದು ಹೇಳಲಿಲ್ಲ, ಹೇಳಿದರೆ ಅದೂ ಆಗುತ್ತದಲ್ಲ.

ನನ್ನ ಮೇಡಮ್ಮಿನ ಮಾತನ್ನು ನಾನು ಅವರಿಗೆ ಹೇಳಿದೆ, ಬರೆಯದಿದ್ದರೆ ಆಗಿಲ್ಲ ಎಂಬುದನ್ನು. ಅತ್ತೆಗೆ ಅದು ಬಹಳ ಹಿಡಿಸಿತು. "ನೋಡಿ, ತಿಳಿದವು ಹೇಳದು ಹಂಗೇಯ. ಅದಕ್ಕೇ ಬರೀಲಾಗ" ಎಂದರು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎನ್ನುತ್ತಾರೆ. ನಾನು ಆಡಿ ಕೆಟ್ಟೆ.

ಅದೇ ವಾರದ ಕೊನೆಯಲ್ಲಿ ಆ ಮಾತು ಬಂದದ್ದು. ಅತ್ತೆ ಜಗುಲಿಯಲ್ಲಿ ಕೂತು ಮಗಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ನಾನು ಪಕ್ಕದಲ್ಲಿ ಮೊಬೈಲು ನೋಡುತ್ತ ಕೂತಿದ್ದೆ. ಹೆಂಡತಿ, ಈ ಸಲ ಹೆರಿಗೆ ಬೇಗ ಆಗುತ್ತದೇನೋ ಎಂದಳು. ಅತ್ತೆ ಎಣ್ಣೆ ತಿಕ್ಕುತ್ತಲೇ, "ಹೋದ ಸಲವೂ ಚೊಲೋನೇ ಆಗಿತ್ತು. ಆದ ಮೇಲೆ ಸ್ವಲ್ಪ ಸುಸ್ತಾಗಿತ್ತು, ಅಷ್ಟೇಯ" ಎಂದರು.

ನಾನು ಮೊಬೈಲು ಕೆಳಗಿಟ್ಟೆ. ಸ್ವಲ್ಪ ಸುಸ್ತು. ನನ್ನ ಪಟ್ಟಿಯ ಪ್ರಕಾರ ಅದು ಸಣ್ಣ ಮಾತಲ್ಲ.

ಅತ್ತೆ ಒಳಗೆ ಹೋದ ಮೇಲೆ ಹೆಂಡತಿಯನ್ನು ಕೇಳಿದೆ. ಅವಳಿಗೆ ಸರಿಯಾಗಿ ನೆನಪಿಲ್ಲ. ಕೂಸಿನ ಅಳು ಕೇಳಿದ್ದು ಗೊತ್ತು, ಆಮೇಲೆ ಚಳಿ, ನಿದ್ದೆ, ಕೈಗೆ ಏನೋ ಚುಚ್ಚಿ ಇಟ್ಟಿದ್ದರು, ಶಕ್ತಿಗೆ ಎಂದು ಅಮ್ಮ ಹೇಳಿದ್ದರು. ನಾನು ಅವತ್ತು ಅಲ್ಲಿರಲಿಲ್ಲ. ಹುಲಿಕಲ್ ಕಡೆಗೆ ಪಂಪು ಜೋಡಿಸಲು ಹೋದವನಿಗೆ ಮರ ಬಿದ್ದು ದಾರಿ ಕಟ್ಟಿ, ಮರುದಿನ ತಲುಪಿದಾಗ ಹೆಂಡತಿ ಗೋಡೆಯ ಹಾಗೆ ಬೆಳ್ಳಗಿದ್ದಳು. ಹೆರಿಗೆಯಾದವರು ಹಾಗೇ ಇರುತ್ತಾರೆ ಎಂದುಕೊಂಡಿದ್ದೆ. ಇನ್ನು ಆ ಹೆರಿಗೆ ಮಾಡಿಸಿದ ಡಾಕ್ಟರು ವಯಸ್ಸಾಗಿ ಊರು ಬಿಟ್ಟಿದ್ದರು. ಅವರ ಆಸ್ಪತ್ರೆಯಿದ್ದ ಕಟ್ಟಡದಲ್ಲಿ ಈಗ ಟೈಲ್ಸ್ ಮಾರುತ್ತಾರೆ.

ನನಗೆ ನಿಜವಾಗಿಯೂ ಭಯವಾಯಿತು. ಮೊದಲ ಹೆರಿಗೆಯಲ್ಲಿ ರಕ್ತ ಹೋದವರಿಗೆ ಎರಡನೆಯದರಲ್ಲೂ ಹೋಗುವ ಸಂಭವ ಹೆಚ್ಚು. ಎಷ್ಟೋ ಕಡತಗಳಲ್ಲಿ ಹಿಂದಿನ ರಕ್ತಸ್ರಾವ ಎಂಬ ಒಂದು ಸಾಲನ್ನು ಓದಿ ನಾನು ಕಡಲೆಕಾಯಿ ತಿನ್ನುತ್ತ ಮುಂದಿನ ಪುಟಕ್ಕೆ ಹೋಗಿದ್ದೆ. ಆ ಒಂದು ಸಾಲು ಗೊತ್ತಿದ್ದರೆ ಡಾಕ್ಟರು ಮೊದಲೇ ರಕ್ತ ತರಿಸಿ ಇಟ್ಟಿರುತ್ತಾರೆ. ಗೊತ್ತಿಲ್ಲದಿದ್ದರೆ ಆಮೇಲೆ ಶಿವಮೊಗ್ಗಕ್ಕೆ ಕಾರು ಓಡಿಸಬೇಕು. ನನ್ನ ಹೆಂಡತಿಯ ಕಡತದಲ್ಲಿ ಆ ಸಾಲಿನ ಜಾಗದಲ್ಲಿ ನಾರ್ಮಲ್ ಎಂದಿತ್ತು.

ಅಡುಗೆಮನೆಗೆ ಹೋಗಿ ಅತ್ತೆಯನ್ನೇ ಕೇಳಿದೆ. ಹೋದ ಸಲದ ಆಸ್ಪತ್ರೆಯ ಕಾಗದ ಎಲ್ಲಿದೆ ಎಂದು.

"ಅದು ಬಚ್ಚಲ ಒಲೆಗೆ ಹೋತು" ಎಂದರು. ಬಾಣಂತಿ ಮನೆಗೆ ಬಂದ ಮೇಲೆ ಆಸ್ಪತ್ರೆಯ ಕಾಗದ ಇಟ್ಟುಕೊಳ್ಳುವುದು ಶುಭವಲ್ಲವಂತೆ. ಅದರಲ್ಲೇ ಉರಿ ಹಚ್ಚಿ ಕೂಸಿಗೆ ಮೊದಲ ನೀರು ಕಾಸಿದ್ದರು. ನನ್ನ ಮೇಡಮ್ಮು ಈ ಮಾತು ಕೇಳಿದ್ದರೆ ಅಲ್ಲೇ ಕೂತುಬಿಡುತ್ತಿದ್ದರು.

"ರಕ್ತ ಹೋಗಿತ್ತಾ ಅತ್ತೆ?"

"ನಿಂಗೊಕ್ಕೆ ಪಲ್ಯಕ್ಕೆ ಕಾಯಿ ಹಾಕ್ಲಾ, ಹಾಂಗೇ ಇರ್ಲಾ?" ಎಂದರು ಅತ್ತೆ.

ಅಡ್ಡಗೋಡೆಯ ಮೇಲೆ ದೀಪವೂ ಇಲ್ಲ, ಬರೀ ಗೋಡೆ. ಹೊರದೇಶದ ಡಾಕ್ಟರಿಗಾದರೆ ಪ್ರಶ್ನೆ ಕಳಿಸಬಹುದಿತ್ತು, ಅವರು ಉತ್ತರಿಸಲೇಬೇಕು ಎಂಬ ನಿಯಮವಿದೆ. ಅತ್ತೆಗೆ ಅಂಥ ನಿಯಮವಿಲ್ಲ. ಕಾಯಿ ಹಾಕಿ ಎಂದೆ.

ನನ್ನ ಮಗಳನ್ನು ರಿಪ್ಪನ್‌ಪೇಟೆ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮನ ಬಳಿ ಬಿಟ್ಟು, ನಾವು ಮೂವರೂ ತೀರ್ಥಹಳ್ಳಿಗೆ ಹೋದೆವು. ಆಸ್ಪತ್ರೆಯ ಡಾಕ್ಟರಮ್ಮ ನಮ್ಮ ವಯಸ್ಸಿನವರೇ, ಮಾತು ಚುರುಕು. ಹಳೆಯ ಚೀಟಿಗಳನ್ನು ನೋಡಿ, "ಮೊದಲ ಹೆರಿಗೆ ನಾರ್ಮಲ್. ಆಮೇಲೆ ಏನೂ ತೊಂದ್ರೆ ಆಗಿಲ್ಲ ಅಲ್ವಾ?" ಎಂದು ಕೇಳಿದರು.

"ಎಂತೂ ಇಲ್ಲ" ಎಂದರು ಅತ್ತೆ. ಹೊರಗಿನವರ ಜೊತೆ ಅವರು ಹೊರಗಿನ ಮಾತನ್ನೇ ಆಡುತ್ತಾರೆ. "ಸ್ವಲ್ಪ ಸುಸ್ತಾಗಿತ್ತು, ಅಷ್ಟೇ."

ಡಾಕ್ಟರಮ್ಮನ ಪೆನ್ನು ಕಾಗದದ ಮೇಲೆ ಇಳಿಯುತ್ತಿತ್ತು. ಅಲ್ಲಿ ಮತ್ತೊಮ್ಮೆ ನಾರ್ಮಲ್ ಎಂದು ಬೀಳುತ್ತದೆಂದು ನನಗೆ ಗೊತ್ತಾಯಿತು.

"ಡಾಕ್ಟ್ರೇ, ಒಂದ್ನಿಮಿಷ" ಎಂದೆ. "ಅವರ ಭಾಷೆಯಲ್ಲಿ ಸ್ವಲ್ಪ ಸುಸ್ತು ಅಂದ್ರೆ ಸಣ್ಣದಲ್ಲ. ಇವರ ಯಜಮಾನ್ರಿಗೆ ಹಾವು ಕಚ್ಚಿದಾಗ ಹುಳ ಮುಟ್ಟಿದೆ ಅಂದಿದ್ರು. ಆ ಲೆಕ್ಕದಲ್ಲಿ ನೋಡ್ಕಳಿ."

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ನಗಬೇಕೋ ಬೇಡವೋ ಎಂದು ಒಂದು ಕ್ಷಣ ನೋಡಿ, ಅತ್ತೆಯ ಕಡೆ ತಿರುಗಿ ಮೆತ್ತಗೆ, "ಅಮ್ಮಾ, ರಕ್ತ ಏನಾದ್ರೂ ಹಾಕಿದ್ರಾ ಆವಾಗ?" ಎಂದರು.

ಅತ್ತೆ ಸೆರಗನ್ನು ಬೆರಳಿಗೆ ಸುತ್ತಿಕೊಂಡರು, ಬಿಚ್ಚಿದರು. ಹೆಂಡತಿಯೂ ಅವರನ್ನೇ ನೋಡುತ್ತಿದ್ದಳು. ನನಗೆ ಸಿಟ್ಟು ನೆತ್ತಿಗೇರಿತ್ತು. ಇಷ್ಟು ಹಟವೇ, ಮಗಳ ಜೀವಕ್ಕಿಂತ ಹೆಚ್ಚೇ ಎಂದು ಕೇಳುವುದೊಂದು ಬಾಕಿ. ಅಷ್ಟರಲ್ಲಿ ಅತ್ತೆ ನನ್ನ ಕಡೆ ತಿರುಗಿದರು.

"ನಮ್ಮ ಅಕ್ಕಂಗೆ ಹೀಂಗೇ ಹೇಳಿದ್ದೆ ನಾನು" ಎಂದರು, ಮನೆಯ ಮಾತಿನಲ್ಲಿ. "ರಕ್ತ ಹೋಗ್ತನ, ಹುಷಾರಿ ಹೇಳಿ. ರಕ್ತವೂ ಹೋತು. ಅಕ್ಕನೂ ಹೋತು."

ಅವರಿಗೆ ಒಬ್ಬ ಅಕ್ಕ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಹೆಂಡತಿಗೂ ಗೊತ್ತಿರಲಿಲ್ಲ. ನನ್ನ ಸಿಟ್ಟು ಎಲ್ಲಿ ಹೋಯಿತೋ, ಅತ್ತೆಯ ಮೇಲೆ ಇಷ್ಟು ವರ್ಷದಲ್ಲಿ ಹುಟ್ಟದ ಪ್ರೀತಿ ಆ ಕುರ್ಚಿಯಲ್ಲಿ ಕೂತಲ್ಲೇ ಹುಟ್ಟಿತು. ಇದನ್ನು ಅವರಿಗೆ ಹೇಳಲಿಲ್ಲ.

ಅತ್ತೆ ಡಾಕ್ಟರಮ್ಮನ ಕಡೆ ತಿರುಗಿ, ಮಗಳ ಕಿವಿಗೆ ಬೀಳಬಾರದು ಎಂಬಂತೆ ದನಿ ತಗ್ಗಿಸಿ, "ಎರಡು ಬಾಟ್ಲಿ" ಎಂದರು. ಮಗಳು ಅವರಿಂದ ಒಂದು ಗೇಣು ದೂರದಲ್ಲಿ ಕೂತಿದ್ದಳು.

"ಈಗ ಬಾಟ್ಲಿ ಇಲ್ಲ ಅಮ್ಮಾ, ಚೀಲ" ಎಂದು ಡಾಕ್ಟರಮ್ಮ ಬರೆಯಲು ಶುರು ಮಾಡಿದರು. ಬರೆದದ್ದು ಒಂದೇ ಸಾಲು. ಅದನ್ನು ನಾನು ತಲೆಕೆಳಗಾಗಿ ಓದಿದೆ. ನನ್ನ ವೃತ್ತಿಜೀವನದಲ್ಲಿ ಅಷ್ಟು ಚೆಂದದ ಸಾಲನ್ನು ಓದಿದ್ದಿಲ್ಲ. ಶಿವಮೊಗ್ಗದಿಂದ ರಕ್ತ ತರಿಸಿ ಇಟ್ಟುಕೊಳ್ಳುವುದಾಗಿ ಹೇಳಿದರು.

ಹೊರಗೆ ಬಂದ ಮೇಲೆ ಅತ್ತೆ ದೇವರಿಗೊಂದು ಕಾಯಿ ಒಡೆಸಿದರು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು. ನಾನೂ ಒಂದು ಒಡೆಸಿದೆ, ಆಡಿದ್ದಕ್ಕೆ ಉಪಕಾರ ಎಂದು. ಭಟ್ಟರು ಇಬ್ಬರಿಗೂ ಒಂದೇ ಮಂತ್ರ ಹೇಳಿದರು.

ಹೆರಿಗೆ ಒಂದು ಬೆಳಗ್ಗೆ ಆಯಿತು. ನಾನು ಹೆರಿಗೆ ಕೋಣೆಯ ಹೊರಗಿನ ಬೆಂಚಿನಲ್ಲಿ, ಅತ್ತೆ ನನ್ನ ಪಕ್ಕದಲ್ಲಿ. ಒಳಗಿನ ಪ್ರತಿ ಸದ್ದಿಗೂ ನನ್ನ ತಲೆ ಒಂದೊಂದು ಸಂಖ್ಯೆ ಹುಡುಕುತ್ತಿತ್ತು. ಓ ಎಂಬತ್ತು, ಓ ಎಂಬತ್ತು ಎಂದು ನಾನು ಜಪ ಮಾಡುತ್ತಿದ್ದೆ. ಏನೂ ಆಗದಿರಲಿ, ಒಂದೇ ಒಂದು ಸಲ ಏನೂ ಆಗದಿರಲಿ. ಪಕ್ಕದಲ್ಲಿ ಅತ್ತೆಯ ತುಟಿಯೂ ಅಲ್ಲಾಡುತ್ತಿತ್ತು. ಅವರ ಮಂತ್ರ ಬೇರೆ ಇರಬೇಕು. ಕೂಸು ಅತ್ತಿತು. ಸಣ್ಣ, ಸಿಟ್ಟಿನ ಅಳು. ನನ್ನದೇ ಎಂದು ಗೊತ್ತಾಯಿತು.

ಅತ್ತೆ ಏಳುವಷ್ಟರಲ್ಲಿ ಒಳಗೆ ಓಡಾಟ ಹೆಚ್ಚಾಯಿತು. ನರ್ಸ್ ಒಬ್ಬರು ಹೊರಗೆ ಬಂದು ಆಚೆ ಕೋಣೆಗೆ ಹೋಗಿ, ಕೈಯಲ್ಲಿ ಕೆಂಪು ಚೀಲ ಹಿಡಿದು ವಾಪಸು ಹೋದರು. ಸ್ವಲ್ಪ ಹೊತ್ತಿಗೆ ಇನ್ನೊಂದು. ಓ ಎಪ್ಪತ್ತೆರಡು. ಆಫೀಸಿನಲ್ಲಿ ಆ ಸಂಖ್ಯೆಯನ್ನು ನೋಡದೆಯೇ ಒತ್ತುತ್ತಿದ್ದೆ. ಇಲ್ಲಿ ಬೆಂಚಿನ ಅಂಚು ಹಿಡಿದುಕೊಂಡ ಕೈಯನ್ನು ಬಿಡಿಸಲು ಆಗಲಿಲ್ಲ. ಒಂದೇ ಯೋಚನೆ, ಚೀಲ ಪಕ್ಕದ ಕೋಣೆಯಲ್ಲಿತ್ತು, ಶಿವಮೊಗ್ಗದಲ್ಲಿ ಇರಲಿಲ್ಲ.

ಅತ್ತೆ ನನ್ನನ್ನು ನೋಡಿದರು. "ಹೇಳಿದ್ಯ. ಆತು" ಎಂದರು. ಸಿಟ್ಟಿಗೆ ಏಕವಚನ ಬಂದಿತ್ತು.

"ಹೇಳಿದ್ದಕ್ಕೇ ರಕ್ತ ಇತ್ತು ಅತ್ತೆ" ಎಂದೆ.

ಇಬ್ಬರದೂ ಸರಿ ಎಂದು ಇಬ್ಬರಿಗೂ ಗೊತ್ತಿತ್ತು. ಅವರ ಕೈ ನನ್ನ ಕೈಯ ಮೇಲೆ ಬಂತು. ಡಾಕ್ಟರಮ್ಮ ಬಾಗಿಲು ತೆರೆದು, ರಕ್ತ ನಿಂತಿದೆ, ಇಬ್ಬರೂ ಚೆನ್ನಾಗಿದ್ದಾರೆ, ಹೆಣ್ಣು ಮಗು ಎಂದು ಹೇಳುವವರೆಗೆ ನಾವು ಹಾಗೆಯೇ ಇದ್ದೆವು. ಅತ್ತೆ ಅತ್ತರು. ನಾನೂ ಅತ್ತೆ.

ಮಧ್ಯಾಹ್ನ ಹೆಂಡತಿಯನ್ನು ವಾರ್ಡಿಗೆ ತಂದರು. ಅದೇ ಗೋಡೆಯ ಬಣ್ಣ, ಆದರೆ ಈ ಸಲ ಕಣ್ಣು ತೆರೆದಿದ್ದಳು. "ನಂಬರು ಹಾಕಿ ಆತಾ?" ಎಂದು ಕೇಳಿದಳು. ಡಾಕ್ಟರಮ್ಮ ಕಾಲ ಬಳಿ ನಿಂತು ಬರೆದುಕೊಳ್ಳುತ್ತಿದ್ದರು. ಅತ್ತೆ ಕೂಸನ್ನು ಎತ್ತಿಕೊಂಡು ಅವರ ಹತ್ತಿರ ಹೋದರು.

"ಎಲ್ಲ ಸರಿಯಾಗಿ ಬರ್ದಿದೀರಾ ಡಾಕ್ಟ್ರೇ?"

"ಬರ್ದಿದೀನಿ ಅಮ್ಮಾ."

"ಹೋದ ಸಲದ್ದೂ ಬರೀರಿ. ನಮ್ಮ ಅಕ್ಕಂದೂ ಬರೀರಿ." ಕೂಸಿನ ತಲೆಯನ್ನು ಸೆರಗಿನಲ್ಲಿ ಮುಚ್ಚಿದರು. "ಇದೂ ಹೆಣ್ಣು. ಇದರ ಹೆರಿಗೆ ಹೊತ್ತಿಗೆ ನಾ ಇರದಿಲ್ಲ. ಇದ್ರೂ ಹೇಳಕ್ಕೆ ಬಾಯಿ ಬರದಿಲ್ಲ. ಬರ್ದ್ರೆ ಹೇಳ್ದಂಗೆ ಆಗದಿಲ್ಲ."

ಡಾಕ್ಟರಮ್ಮ ಬರೆದರು. ಅತ್ತೆ ನನ್ನ ಕಡೆ ತಿರುಗಿ, "ಕಾಗದ ನಿಂಗೊ ಇಟ್ಗಳಿ. ನಮ್ಮನೆಗೆ ತರದು ಬ್ಯಾಡ" ಎಂದರು. ಬಚ್ಚಲ ಒಲೆಯ ಮೇಲೆ ಅವರಿಗೂ ಅಷ್ಟು ನಂಬಿಕೆ ಇರಲಿಲ್ಲ.

ಅಮ್ಮನಿಗೆ ಫೋನು ಮಾಡಲು ನಾನು ಹೊರಗಿನ ಮೆಟ್ಟಿಲಿಗೆ ಬಂದೆ. ಬೆಳಗ್ಗಿನಿಂದ ಅವರು ಕಾಯುತ್ತಿದ್ದರು. ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದೆ: ಹೆರಿಗೆ ಆಯಿತು, ರಕ್ತ ಹೋಯಿತು, ಕೊಟ್ಟರು, ಈಗ ನಿಂತಿದೆ. ದಿನವೂ ಇಂಥದ್ದನ್ನೇ ಓದುವವನಿಗೆ ನಾಲ್ಕು ಮಾತು ಏನು ಮಹಾ.

"ಕೂಸು ಹುಟ್ಟಿದ್ದು ಅಮ್ಮಾ" ಎಂದೆ. ಹಿಂದುಗಡೆ ನನ್ನ ದೊಡ್ಡ ಮಗಳು ಏನೋ ಹಾಡಿಕೊಳ್ಳುತ್ತಿರುವುದು ಕೇಳುತ್ತಿತ್ತು.

"ಚೊಲೋ ಆತು. ಸೊಸೆ ಹೆಂಗಿದ್ದು?"

ಬಾಯಿ ತೆರೆದೆ. ಜೋಡಿಸಿಕೊಂಡದ್ದು ಒಂದೂ ಬರಲಿಲ್ಲ. ಆ ಶಬ್ದವನ್ನು ಈ ಫೋನಿಗೆ ಹೇಳಿದರೆ ಅಲ್ಲಿ ಒಳಗೆ ನಿಂತದ್ದು ಮತ್ತೆ ಶುರುವಾಗುತ್ತದೆ ಎಂದು, ಬಿಎಸ್ಸಿ ಓದಿದ ನನಗೆ ಖಂಡಿತವಾಗಿ ಅನ್ನಿಸಿತು.

"ಎಂತೂ ಇಲ್ಲೆ" ಎಂದೆ. "ಸ್ವಲ್ಪ ಸುಸ್ತು, ಅಷ್ಟೇಯ."

ಆ ಕಡೆ ಅಮ್ಮ ನನ್ನ ಮಗಳಿಗೆ, ಹೊರಗೆ ಹೋಗಿ ಕರುವಿಗೆ ಹುಲ್ಲು ಹಾಕಿ ಬಾ ಎಂದು ಹೇಳಿದ್ದು ಕೇಳಿಸಿತು. ಹಾಡು ದೂರವಾಯಿತು. ಬಾಗಿಲು ಹಾಕಿಕೊಂಡ ಸದ್ದಾಯಿತು.

"ತಮಾ" ಎಂದರು ಅಮ್ಮ. "ಎಷ್ಟು ಬಾಟ್ಲಿ?"